ಹಳೆಯ ಸ್ವಿಚ್ಚನ್ನು ಎಸೆಯುವ ಮುನ್ನ

ಆಳಂದ, ಅಫಜಲಪುರ, ಜೇವರ್ಗಿಯಂತಹ ತಾಲ್ಲೂಕು ಕೇಂದ್ರಗಳಲ್ಲಿ ವಾಹನ ಬಿಡಿಭಾಗಗಳ ವ್ಯಾಪಾರವು ಟ್ರ್ಯಾಕ್ಟರ್ ಮತ್ತು ದ್ವಿಚಕ್ರ ವಾಹನಗಳನ್ನು ನೆಚ್ಚಿಕೊಂಡಿರುವುದು ಸಹಜ. ಆದರೆ ಹಳೆಯ ಅಂಬಾಸಿಡರ್, ಪದ್ಮಿನಿ ಅಥವಾ ಜೀಪಿನ ಮಾಲೀಕನು ಕೆಟ್ಟ ಸ್ವಿಚ್ಚನ್ನು ಹಿಡಿದು ಬಂದಾಗ 'ಇದು ಈಗ ಬರುವುದಿಲ್ಲ, ಬೇರೆಯದನ್ನು ಕೂಡಿಸೋಣ' ಎಂದುಬಿಡುವುದು ವ್ಯಾಪಾರದ ದೃಷ್ಟಿಯಿಂದಲೂ ಜಾಣತನವಲ್ಲ.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯ ತಯಾರಿಕೆ ಅದಕ್ಕೂ ಮೊದಲೇ ನಿಂತಿತ್ತು. ಹೀಗಿರುವಾಗ ಮೂಲ ಬಿಡಿಭಾಗ ಇನ್ನು ದುರ್ಲಭವೇ. ಇತ್ತ 2021ರಲ್ಲಿ ಕೇಂದ್ರ ಸರ್ಕಾರವು 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿಯೇ ಉಳಿಸಿಕೊಂಡಿರುವ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮವನ್ನು ರೂಪಿಸಿತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಇಷ್ಟು ವೆಚ್ಚ ಮಾಡುವ ಮಾಲೀಕನಿಗೆ ಡ್ಯಾಶ್‌ಬೋರ್ಡಿನ ಮೂಲ ಸ್ವಿಚ್ಚು ಕ್ಷುಲ್ಲಕ ವಸ್ತುವಲ್ಲ.

ಇದರಲ್ಲಿ ಸುರಕ್ಷತೆಯ ಪ್ರಶ್ನೆಯೂ ಅಡಗಿದೆ. 12 ವೋಲ್ಟಿನ ವ್ಯವಸ್ಥೆಯಲ್ಲಿ 45 ವ್ಯಾಟಿನ ಎರಡು ದೀಪಗಳು ಸುಮಾರು 7.5 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತವೆ. ಧೂಳು, ಕಿಲುಬುಗಳಿಂದ ಸ್ವಿಚ್ಚಿನ ಸ್ಪರ್ಶಬಿಂದುವಿನಲ್ಲಿ ಕೇವಲ 0.1 ಓಮ್ ಪ್ರತಿರೋಧ ಉಂಟಾದರೂ ಅಲ್ಲಿಯೇ 5 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ದೀಪ ಮಂಕಾಗುತ್ತದೆ, ಬೇಕಲೈಟ್ ಕವಚ ಬಿರಿಯುತ್ತದೆ, ತಂತಿಯ ಹೊದಿಕೆ ಕರಗುತ್ತದೆ.

ಪರಿಹಾರವು ತಾಳ್ಮೆಯ ಕೆಲಸವೇ ಹೊರತು ದುಬಾರಿಯದಲ್ಲ. ಮೊದಲು ಬ್ಯಾಟರಿಯ ಸಂಪರ್ಕ ತೆಗೆದು, ತಂತಿಗಳ ಸ್ಥಾನವನ್ನು ಗುರುತು ಮಾಡಿಕೊಳ್ಳಬೇಕು. ರಿವೆಟ್ ಬಿಡಿಸಿ, ಹಿತ್ತಾಳೆಯ ಭಾಗಗಳನ್ನು ನಯವಾದ ಎಮರಿ ಕಾಗದದಿಂದ ಹಗುರವಾಗಿ ಉಜ್ಜಬೇಕು. ಬೆಳ್ಳಿಲೇಪದ ಸ್ಪರ್ಶಬಿಂದುವಾದರೆ ಉಜ್ಜದೆ ಸ್ಪಿರಿಟ್‌ನಿಂದ ಒರೆಸಬೇಕು. ಸಡಿಲಾದ ಸ್ಪ್ರಿಂಗ್ ಬದಲಿಸಿ ಮರುಜೋಡಿಸಿದ ಮೇಲೆ ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು. ಮರೆಯಲ್ಲೊಂದು ರಿಲೇ ಅಳವಡಿಸಿದರೆ ದೀಪದ ಹೊರೆ ಹಳೆಯ ಸ್ವಿಚ್ಚಿನ ಮೇಲೆ ಬೀಳದು. ಕವಚವೇ ಸುಟ್ಟಿದ್ದರೆ ಮಾತ್ರ ಅದನ್ನು ನಿರ್ದಾಕ್ಷಿಣ್ಯವಾಗಿ ತ್ಯಜಿಸಬೇಕು.

ಅಗ್ಗದ ಹೊಸ ಸ್ವಿಚ್ಚು ಸಿಗುವಾಗ ಇಷ್ಟೆಲ್ಲ ಶ್ರಮವೇಕೆ ಎಂಬ ಆಕ್ಷೇಪಣೆ ಬರಬಹುದು. ದಿನನಿತ್ಯ ಬಾಡಿಗೆಗೆ ಓಡುವ ವಾಹನದ ಮಟ್ಟಿಗೆ ಅದು ಸರಿ. ಆದರೆ ಹೊಸ ಸ್ವಿಚ್ಚಿನ ಬೆಲೆಯ ಬಹುಪಾಲು ದೂರದ ತಯಾರಕನಿಗೆ ಸೇರುತ್ತದೆ. ದುರಸ್ತಿಯ ಮಜೂರಿ ಊರಿನಲ್ಲೇ ಉಳಿಯುತ್ತದೆ. ಹಿತ್ತಾಳೆಯ ಪಟ್ಟಿ, ಗುಬುಟು, ತಿರುಪುಗಳನ್ನು ಮಾಡಿಕೊಡಲು ಸ್ಥಳೀಯ ಲೇತ್ ಘಟಕವೇ ಸಾಕು.

ಕೊರತೆಯಿರುವುದು ಕಸುಬುದಾರರದು. ಹಿರಿಯ ಆಟೋ ಎಲೆಕ್ಟ್ರಿಷಿಯನ್ನರ ಕೈಚಳಕ ಅವರೊಂದಿಗೇ ಅಳಿದರೆ ಮತ್ತೆ ದೊರೆಯದು. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೀಗ ತಯಾರಕರಿದ್ದಾರೆ, ಕಮ್ಮಾರರಿದ್ದಾರೆ, ಆಟೋ ಎಲೆಕ್ಟ್ರಿಷಿಯನ್ನರಿಲ್ಲ. ಆದ್ದರಿಂದ ಸರ್ಕಾರದತ್ತ ನೋಡುತ್ತ ಕೂರದೆ ಬಿಡಿಭಾಗಗಳ ವರ್ತಕರೇ ಮುಂದಾಗುವುದು ಉಚಿತ. ಗುಜರಿಗೆ ಹೋಗುವ ವಾಹನಗಳಿಂದ ಸ್ವಿಚ್ಚುಗಳನ್ನು ತೆಗೆದಿರಿಸುವುದು, ಒಬ್ಬ ಹಿರಿಯ ಕಸುಬುದಾರನ ಬಳಿ ಇಬ್ಬರು ಐ.ಟಿ.ಐ. ಯುವಕರನ್ನು ಕೂಡಿಸುವುದು, ಮಜೂರಿಯನ್ನು ನ್ಯಾಯವಾಗಿ ನಿಗದಿಪಡಿಸುವುದು — ಈ ಮೂರಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. 'ಬರುವುದಿಲ್ಲ' ಎಂದು ಗ್ರಾಹಕನನ್ನು ಹಿಂದಕ್ಕೆ ಕಳಿಸುವ ಅಂಗಡಿಗಿಂತ 'ಬಿಟ್ಟು ಹೋಗಿ, ನೋಡೋಣ' ಎನ್ನುವ ಅಂಗಡಿಗೇ ಆತ ಮತ್ತೆ ಬರುವನು.