ಹಿಕ್ಕೆ ಬೀಳುವ ಅಂಗಳದ ನಂಟು

ಹುಣಸೆ ಬಡಿಯುವ ಕಾಲವೂ ಹೆಜ್ಜಾರ್ಲೆ ಹಕ್ಕಿ ಮರಿ ಸಾಕುವ ಕಾಲವೂ ಒಂದೇ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಕಥೆಯೆಲ್ಲ ಈ ಇಕ್ಕಟ್ಟಿನೊಳಗೇ ಇದೆ. ಶಿವರಾತ್ರಿಯ ಆಸುಪಾಸಿಗೆ ಹಣ್ಣು ಒಣಗುತ್ತದೆ. ಕೋಲು ಹಿಡಿದು ಕೊಂಬೆ ಬಡಿದರೆ ಮನೆಗೆ ನಾಲ್ಕು ಕಾಸು. ಆದರೆ ಅದೇ ಕೊಂಬೆಯ ಮೇಲೆ ಗೂಡು, ಗೂಡಿನಲ್ಲಿ ರೆಕ್ಕೆ ಬಲಿಯದ ಮರಿ. ಕೋಲು ಎತ್ತಿದರೆ ಮರಿ ನೆಲಕ್ಕೆ, ಎತ್ತದಿದ್ದರೆ ಫಸಲು ಕೈಬಿಟ್ಟಂತೆ. ಇಲ್ಲಿನ ಎಷ್ಟೋ ಮನೆಯವರು ತಲೆಮಾರುಗಳಿಂದ ಕೋಲು ಎತ್ತದೇ ಉಳಿದಿದ್ದಾರೆ.

ಬೆಂಗಳೂರಿನಿಂದ ಸುಮಾರು 80 ಕಿ.ಮೀ. ದೂರದ ಈ ಊರಿಗೆ ಹೋದ ಪತ್ರಕರ್ತರೆಲ್ಲ ಒಂದು ಮಾತನ್ನು ತಪ್ಪದೆ ಬರೆದುಕೊಂಡು ಬರುತ್ತಾರೆ: ಹಕ್ಕಿಗಳೆಂದರೆ ಊರಿನವರಿಗೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಊರಿನವರು ಹಾಗೆ ಹೇಳುವುದು ನಿಜ. ವರದಿಗಳು ಮಾತ್ರ ಆ ಮಾತನ್ನೇ ಎಲ್ಲಕ್ಕೂ ಕಾರಣವೆಂಬಂತೆ ಮುಂದಿಟ್ಟು ಮುಗಿಸಿಬಿಡುತ್ತವೆ. ಬಾಣಂತನ ಮಾಡಿದ ಯಾವ ತಾಯಿಯನ್ನು ಕೇಳಿದರೂ ಗೊತ್ತಾಗುತ್ತದೆ, ಅದರಲ್ಲಿ ಅಕ್ಕರೆಗಿಂತ ಮೊದಲು ಬರುವುದು ನಿದ್ದೆಗೇಡು, ಬಟ್ಟೆ ಒಗೆತ, ಖರ್ಚು.

ಕೊಕ್ಕರೆಬೆಳ್ಳೂರಿನಲ್ಲೂ ಹಾಗೇ. ಹೆಜ್ಜಾರ್ಲೆ ಐದು ಕಿಲೋ ತೂಗುವ ದೊಡ್ಡ ಹಕ್ಕಿ, ಆಹಾರವೆಲ್ಲ ಮೀನು. ಜೊತೆಗೆ ಬಣ್ಣದ ಕೊಕ್ಕರೆಗಳ ಹಿಂಡು. ಮನೆ ಮುಂದಿನ ಹುಣಸೆ, ಆಲ, ಅರಳಿಗಳ ಮೇಲೆ ಇವು ತಿಂಗಳುಗಟ್ಟಲೆ ಸಂಸಾರ ಹೂಡಿದರೆ ಹೆಂಚು ಬೆಳ್ಳಗಾಗುತ್ತದೆ, ಒಣಹಾಕಿದ ಸೀರೆಗೆ ಹಿಕ್ಕೆ ಬೀಳುತ್ತದೆ, ಕೊಳೆತ ಮೀನಿನ ನಾತ ಊಟದ ತಟ್ಟೆಯವರೆಗೂ ಬರುತ್ತದೆ. ಕ್ಯಾಮೆರಾ ಹಿಡಿದು ಬಂದವರು ಒಂದು ಗಂಟೆ ಮೂಗು ಮುಚ್ಚಿಕೊಂಡು ಹೊರಡಬಹುದು. ಊರಿನವರು ಎಲ್ಲಿಗೆ ಹೋಗಬೇಕು?

ಅವರು ಆ ಹೊಲಸನ್ನೇ ಬದುಕಿಗೆ ಒಗ್ಗಿಸಿಕೊಂಡರು. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಗೋಡು ತಂದು ಸುರಿದು, ಅದರ ಮೇಲೆ ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕಿದರು. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನ ಎಂಬ ನಂಬಿಕೆಯೂ ಬೆಳೆಯಿತು. ಅಂದರೆ ಇಲ್ಲಿನ ನಂಟಿನಲ್ಲಿ ಕೊಡುವುದೂ ಇತ್ತು, ಪಡೆಯುವುದೂ ಇತ್ತು. ‘ತವರುಮನೆ’ ಎಂಬ ಮಾತು ಮೊಳೆತದ್ದು ಈ ಗೊಬ್ಬರದಲ್ಲೇ ಇರಬೇಕು.

ಇಂಥ ನಂಟು ಎಲ್ಲಿಂದ ಬರುತ್ತದೆಂದು ವಿದ್ವಾಂಸರೂ ಕೇಳಿಕೊಂಡಿದ್ದಾರೆ. ಇಂಗ್ಲೆಂಡಿನ ಡರ್ಬಿ ವಿಶ್ವವಿದ್ಯಾಲಯದ ಮೈಲ್ಸ್ ರಿಚರ್ಡ್‌ಸನ್ ಮತ್ತು ಸಂಗಡಿಗರು ಮನುಷ್ಯರಿಗೆ ಪ್ರಕೃತಿಯ ಸೆಳೆತ ಹೇಗೆ ಹುಟ್ಟುತ್ತದೆಂದು ಅಧ್ಯಯನ ಮಾಡಿ 2017ರಲ್ಲಿ ಐದು ದಾರಿಗಳನ್ನು ಗುರುತಿಸಿದರು: ಇಂದ್ರಿಯಗಳ ಸಂಪರ್ಕ, ಭಾವನೆ, ಸೌಂದರ್ಯ, ಅರ್ಥ, ಕರುಣೆ. ಬರಿಯ ತಿಳಿವಳಿಕೆ ಈ ಪಟ್ಟಿಯಲ್ಲಿಲ್ಲ. ನಮ್ಮ ಶಾಲೆಗಳು ಇದನ್ನು ಓದಬೇಕು. ಪರಿಸರ ಶಿಕ್ಷಣ ಕಡ್ಡಾಯವಾಗಲಿ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ನಿರ್ದೇಶಿಸಿತು. ಅಂದಿನಿಂದ ಮಕ್ಕಳು ಜೀವವೈವಿಧ್ಯದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಿದ್ದಾರೆ.

ಆದರೆ ಡರ್ಬಿಯ ಪಟ್ಟಿಯೂ ಬಿಡುವು ಇರುವವರ ಪಟ್ಟಿಯಂತೆ ಕಾಣುತ್ತದೆ. ಅದರಲ್ಲಿ ದುಡಿಮೆಗೆ ಜಾಗವಿಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಾಯಿಯ ಜೊತೆ ಕೂಲಿಗೆಂದು ಅರಣ್ಯ ಇಲಾಖೆಯ ನರ್ಸರಿಗೆ ಹೋದವರು. ಯಾವ ತಾಯಿಮರದಿಂದ, ಯಾವ ಹೊತ್ತಿನಲ್ಲಿ ಬೀಜ ಆಯ್ದರೆ ಮೊಳೆಯುತ್ತದೆ ಎಂಬ ಅರಿವು ಅವರಿಗೆ ಬಂದದ್ದು ದಿನಗೂಲಿಯ ಕೈಗಳಿಂದ. ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಹುಲಿಕಲ್–ಕುದೂರು ರಸ್ತೆಯಲ್ಲಿ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿ ಬೆಳೆಸಿದ 385 ಆಲದ ಮರಗಳನ್ನು ಎಲ್ಲರೂ ನೆನೆಯುತ್ತಾರೆ. ನೆಟ್ಟ ಮೇಲೆ ಬೇಸಗೆ ಬೇಸಗೆಗೂ ಕೊಡದಲ್ಲಿ ನೀರು ಹೊತ್ತದ್ದನ್ನು ನೆನೆಯುವವರು ಕಡಿಮೆ. ಜೂನ್ 5ರ ಪರಿಸರ ದಿನದಂದು ಸಸಿ ಹಿಡಿದು ಫೋಟೊಗೆ ನಿಲ್ಲುವ ಗಣ್ಯರಲ್ಲಿ ಮಾರ್ಚ್ ತಿಂಗಳಲ್ಲಿ ಅದೇ ಗುಂಡಿಯ ಬಳಿ ಕಾಣಸಿಗುವವರು ಎಷ್ಟು ಮಂದಿ?

ಹಾಗೆಂದು ಕಷ್ಟಪಟ್ಟವರಿಗೆಲ್ಲ ಪ್ರಕೃತಿಯ ಮೇಲೆ ಪ್ರೀತಿ ಉಕ್ಕುತ್ತದೆ ಎನ್ನುವುದೂ ಸುಳ್ಳು. ಸಕಲೇಶಪುರ, ಆಲೂರು ಭಾಗದಲ್ಲಿ ಆನೆಯ ಕಾಲಡಿ ಭತ್ತ ಕಳೆದುಕೊಂಡ, ಮನೆಯವರನ್ನೇ ಕಳೆದುಕೊಂಡ ರೈತನಿಗೆ ಆನೆಗೆ ಗಣೇಶನೆಂದು ಕೈಮುಗಿ ಎನ್ನುವುದು ಕ್ರೌರ್ಯ. ಹೊರೆ ಹೊರಬಲ್ಲಷ್ಟಿರಬೇಕು, ಪ್ರತಿಯಾಗಿ ಏನಾದರೂ ದಕ್ಕಬೇಕು. ಕೊಕ್ಕರೆಬೆಳ್ಳೂರಿನಲ್ಲಿ ಹಾಗೆ ಒದಗಿಬಂದಿತ್ತು.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಈ ಊರಿನ ಕಡೆ ಹೊರಜಗತ್ತಿನ ಗಮನ ಸೆಳೆದರು. ಆಮೇಲೆ ಹುಣಸೆಯ ನಷ್ಟಕ್ಕೆ ಇಲಾಖೆ ಪರಿಹಾರ ಕೊಡತೊಡಗಿತು. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯ ಕೆ. ಮನು ಊರಿನ ಹುಡುಗರನ್ನು ಕೂಡಿಸಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಆವರಣದಲ್ಲಿಟ್ಟು, ಮೀನು ತಿನ್ನಿಸಿ, ಹಾರುವಂತಾದ ಮೇಲೆ ಬಿಡುವ ಕೆಲಸ ಅವರದು. ಭಾಷಣಕ್ಕಿಂತ ಈ ಮೀನಿನ ಬುಟ್ಟಿಯೇ ಹೊಸ ತಲೆಮಾರನ್ನು ಹಕ್ಕಿಗಳಿಗೆ ಗಂಟು ಹಾಕಿದ್ದು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಬೇಲಿ ಹಾಕಿ ಜನರನ್ನು ಹೊರಗಟ್ಟುವ ಅಭಯಾರಣ್ಯಕ್ಕಿಂತ ಇದು ಬೇರೆ. ಮರವೂ ಜಮೀನೂ ಊರಿನವರ ಹೆಸರಿನಲ್ಲೇ ಉಳಿಯುತ್ತವೆ.

ಇಷ್ಟೆಲ್ಲ ಇದ್ದರೂ ನಂಟು ಸಡಿಲವಾಗುತ್ತಿದೆ. ಗೊಬ್ಬರದ ಗುಂಡಿಯ ಜಾಗಕ್ಕೆ ಯೂರಿಯಾ ಚೀಲ ಬಂತು. ಹೆಂಚಿನ ಮನೆ ಕೆಡವಿ ತಾರಸಿ ಹಾಕುವಾಗ ಅಂಗಳದ ಹುಣಸೆ ಅಡ್ಡವಾಯಿತು. ಶಿಂಷಾ ನದಿ, ಸುತ್ತಲ ಕೆರೆಗಳು ಕೆಟ್ಟವು. 2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಅವುಗಳ ಹೊಟ್ಟೆಯಲ್ಲಿ ಕಂಡದ್ದು ದುಂಡುಹುಳುಗಳು. ಇದರಲ್ಲಿ ಊರಿನವರನ್ನು ದೂರುವುದಕ್ಕೇನಿಲ್ಲ. ಹಿಕ್ಕೆಯಿಂದ ಏನೂ ದಕ್ಕದ ಮನೆಗೆ ಉಳಿಯುವುದು ನಾತ ಮಾತ್ರ.

ಪರಿಹಾರ ಹುಣಸೆಯ ಲೆಕ್ಕಕ್ಕೇ ನಿಲ್ಲಬಾರದು. ಮರ ಇಲ್ಲದೆಯೂ ನೆರೆಯ ಮರದ ಹೊಲಸು ಬಳಿಯುವ ಮನೆಗಳಿವೆ. ಪ್ರವಾಸಿಗರಿಂದ ಬರುವ ಹಣದಲ್ಲಿ ಅವಕ್ಕೂ ಪಾಲು ಬೇಕು. ಮರಿಗಳಿಗೆ ಮೀನು ಹಾಕುವ ಕೆಲಸ ಯಾವ ಹುಡುಗನ ಒಳ್ಳೆಯತನವನ್ನೂ ನಂಬಿ ಕೂರದೆ, ತಿಂಗಳ ಸಂಬಳದ ಕೆಲಸವಾಗಬೇಕು. ಇನ್ನು ಮರಗಳು. ಇಂದು ನೆಟ್ಟ ಹುಣಸೆ ಗೂಡಿನ ಭಾರ ಹೊರುವಷ್ಟಾಗಲು ದಶಕಗಳೇ ಹಿಡಿಯುತ್ತವೆ. ಯಾರ ಹಿತ್ತಲಲ್ಲಿ ನೆಡುವುದು, ಮೊದಲ ಐದು ಬೇಸಗೆ ಯಾರು ನೀರು ಹೊರುವುದು ಎಂಬುದನ್ನು ಪಂಚಾಯಿತಿಯೂ ಇಲಾಖೆಯೂ ಕೂತು ಮುಂದಿನ ಮಳೆಗಾಲಕ್ಕೆ ಮೊದಲೇ ಬರೆದಿಡಬೇಕಾಗಿದೆ.