ಮೂಟೆಯ ತೂಕವೂ ಮಗುವಿನ ತೂಕವೂ

ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳ ಕನ್ನಡಿಗರಿಗೆ ಹೊಸದಲ್ಲ. ಕನಕದಾಸರು ‘ರಾಮಧಾನ್ಯಚರಿತ್ರೆ’ಯಲ್ಲಿ ಆ ವ್ಯಾಜ್ಯವನ್ನು ಶ್ರೀರಾಮನ ಸಮ್ಮುಖಕ್ಕೇ ಒಯ್ದರು. ಎರಡೂ ಧಾನ್ಯಗಳನ್ನು ಆರು ತಿಂಗಳು ಸೆರೆಯಲ್ಲಿರಿಸಿ, ಬಳಿಕ ಯಾವುದರ ಸತ್ವ ಉಳಿದಿದೆಯೆಂದು ನೋಡಿ ತೀರ್ಪು ಕೊಡಲಾಯಿತು, ಗೆಲುವು ರಾಗಿಯದಾಯಿತು. ಇಂದು ಧಾನ್ಯಗಳ ಭವಿಷ್ಯ ನಿರ್ಧಾರವಾಗುವುದು ಸರ್ಕಾರದ ಖರೀದಿ ಕೇಂದ್ರಗಳಲ್ಲಿ. ಅಲ್ಲಿ ಸತ್ವದ ವಿಚಾರಣೆಯಿಲ್ಲ. ಮೂಟೆಯ ತೂಕವೊಂದೇ ಸಾಕ್ಷಿ.

ಇದಕ್ಕೆ ಕಾರಣವಿಲ್ಲದಿಲ್ಲ. 1965–66ರ ಅನಾವೃಷ್ಟಿಯಲ್ಲಿ ದೇಶವು ಅಮೆರಿಕದ ಗೋಧಿಯ ಹಡಗುಗಳ ದಾರಿ ಕಾಯುವ ಸ್ಥಿತಿಗೆ ಬಂದಿತ್ತು. ಹಸಿದ ಹೊಟ್ಟೆ ಮೊದಲು ಕೇಳುವುದು ಕಾಳನ್ನು. ಅದರ ಗುಣದ ಮಾತು ಆಮೇಲಿನದು. ಆದುದರಿಂದಲೇ 1965ರಲ್ಲಿ ಭಾರತ ಆಹಾರ ನಿಗಮವೂ ಕೃಷಿ ಬೆಲೆ ಆಯೋಗವೂ ಹುಟ್ಟಿದವು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗೋಧಿಬೀಜ ಬಂದಿತು. 1950–51ರಲ್ಲಿ ಸುಮಾರು 5 ಕೋಟಿ ಟನ್ನಿನಷ್ಟಿದ್ದ ಆಹಾರಧಾನ್ಯದ ಉತ್ಪನ್ನ 2022–23ರಲ್ಲಿ 32 ಕೋಟಿ ಟನ್ನನ್ನು ದಾಟಿತು. ಈ ಸಾಧನೆಯನ್ನು ಕೀಳುಗಳೆಯುವುದು ಕೃತಘ್ನತೆಯೇ ಸರಿ.

ಆದರೆ ಉಗ್ರಾಣ ತುಂಬಿದ ಮಾತ್ರಕ್ಕೆ ಮೈ ತುಂಬಿಕೊಂಡೀತೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35ಕ್ಕೂ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಆರು ತಿಂಗಳು ತುಂಬಿದ ನೂರು ಎಳೆಯರಲ್ಲಿ 67 ಮಂದಿಗೆ, 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ. ಕೊಳಕು ನೀರು, ಜಂತುಹುಳು, ತಾಯಂದಿರ ಎಳೆವಯಸ್ಸು ಮುಂತಾದ ಕಾರಣಗಳೂ ಇದರಲ್ಲಿ ಸೇರಿವೆ, ನಿಜ. ಆದರೂ ತಟ್ಟೆಯ ತುಂಬ ಅನ್ನವೋ ರೊಟ್ಟಿಯೋ ಇದ್ದು, ಅದರ ಪಕ್ಕದಲ್ಲಿ ಬೇಳೆಯೂ ಸೊಪ್ಪೂ ಹಾಲೂ ಇಲ್ಲದಿರುವುದು ಮುಖ್ಯ ಕಾರಣಗಳಲ್ಲೊಂದು ಎಂಬುದರಲ್ಲಿ ಸಂದೇಹವಿಲ್ಲ.

ಬೇಳೆ ಎಲ್ಲಿ ಹೋಯಿತು? 1951ರಲ್ಲಿ ತಲೆಗೆ ದಿನವೊಂದಕ್ಕೆ ಸುಮಾರು 60 ಗ್ರಾಂ ಬೇಳೆಕಾಳು ದೊರೆಯುತ್ತಿತ್ತು. 2001ರ ಹೊತ್ತಿಗೆ ಅದು ಅರ್ಧಕ್ಕೆ ಇಳಿದಿತ್ತು. ರೈತನನ್ನು ದೂರಿ ಫಲವಿಲ್ಲ. ಯಾವುದನ್ನು ಕೊಳ್ಳುವವರುಂಟೋ ಅದನ್ನೇ ಅವನು ಬಿತ್ತುತ್ತಾನೆ. ಸರ್ಕಾರ ಇಪ್ಪತ್ತಕ್ಕೂ ಹೆಚ್ಚು ಬೆಳೆಗಳಿಗೆ ಬೆಂಬಲ ಬೆಲೆ ಸಾರುತ್ತದೆ; ಆದರೆ ದೊಡ್ಡ ಮೊತ್ತದಲ್ಲಿ ಕೊಳ್ಳುವುದು ಭತ್ತವನ್ನೂ ಗೋಧಿಯನ್ನೂ. 2024–25ರಲ್ಲಿ ಕ್ವಿಂಟಲ್ ಭತ್ತಕ್ಕೆ 2,300 ರೂಪಾಯಿ ಗೊತ್ತುಮಾಡಿದ ಸರ್ಕಾರ ರಾಗಿಗೆ 4,290 ರೂಪಾಯಿ ಗೊತ್ತುಮಾಡಿತು. ಬೆಲೆ ಸಾರುವುದು ಬೇರೆ, ಚೀಲ ಹಿಡಿದು ಬಾಗಿಲಿಗೆ ಬರುವುದು ಬೇರೆ. ಕಾಲುವೆಯ ನೀರು, ಗೊಬ್ಬರದ ರಿಯಾಯಿತಿ, ಬೀಜದ ಸಂಶೋಧನೆ ಇವೆಲ್ಲ ಖರೀದಿಯ ಜಾಡಿನಲ್ಲಿಯೇ ನಡೆದವು.

ಒರಟು ಧಾನ್ಯಗಳ ಇಳುವರಿಯೇ ಕಡಿಮೆ ಎಂಬ ಸಮಾಧಾನ ಹೇಳುವವರುಂಟು. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಅದಕ್ಕೆ ಉತ್ತರ ಕೊಟ್ಟಿದ್ದಾರೆ. ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಗೊಳಿಸಿ ಅವರು ರೂಪಿಸಿದ ‘ಇಂಡಾಫ್’ ತಳಿಗಳು ಹಳೆ ಮೈಸೂರಿನ ಹೊಲಗಳ ಇಳುವರಿಯನ್ನೇ ಬದಲಿಸಿದವು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಸತ್ವವಿದೆ. ಅಷ್ಟೇ ಅಕ್ಕಿಯಲ್ಲಿ ಸುಮಾರು ಹತ್ತು ಮಿಲಿಗ್ರಾಂ. ಒಬ್ಬ ವಿಜ್ಞಾನಿಯ ಶ್ರದ್ಧೆ ಇಷ್ಟು ಫಲ ಕೊಟ್ಟರೆ, ಒಂದು ರಾಷ್ಟ್ರದ ಶ್ರದ್ಧೆ ಎಷ್ಟು ಕೊಡಲಾರದು?

ಕೇಂದ್ರ ಸರ್ಕಾರ 2018ರಲ್ಲಿ ಈ ಧಾನ್ಯಗಳಿಗೆ ‘ಪೌಷ್ಟಿಕ ಧಾನ್ಯ’ವೆಂಬ ಗೌರವದ ಹೆಸರಿತ್ತಿತು, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಗರದ ಅಂಗಡಿಗಳಲ್ಲಿ ಈಗ ರಾಗಿಯ ಬಿಸ್ಕತ್ತು, ನವಣೆಯ ಅವಲಕ್ಕಿ ಚೆಂದದ ಪೊಟ್ಟಣಗಳಲ್ಲಿ ಕುಳಿತಿವೆ. ಸಂತೋಷ. ಆದರೆ ಮಧುಮೇಹಕ್ಕೆ ಅಂಜಿದ ಉಳ್ಳವರ ಪಥ್ಯವಾಗಿ ಅದು ದುಬಾರಿಯಾಗಿ, ಬಡವನ ಮುದ್ದೆ ಬಡವನ ಕೈಗೇ ಎಟುಕದಂತಾದರೆ ಆ ಗೌರವದಿಂದ ಬಂದ ಭಾಗ್ಯವೇನು?

ಸಂವಿಧಾನದ 47ನೆಯ ಅನುಚ್ಛೇದ ಜನರ ಪೋಷಣೆಯ ಮಟ್ಟವನ್ನು ಏರಿಸುವುದು ಸರ್ಕಾರದ ಪ್ರಾಥಮಿಕ ಕರ್ತವ್ಯಗಳಲ್ಲೊಂದು ಎನ್ನುತ್ತದೆ. ಈ ಹೊಣೆ ಆರೋಗ್ಯ ಇಲಾಖೆಯ ಔಷಧದ ಕಪಾಟಿನಲ್ಲಿ ಮುಗಿಯುವಂಥದಲ್ಲ. ಅದು ಹೊಲದಲ್ಲಿ ಮೊದಲಾಗಬೇಕು. ಕರ್ನಾಟಕವು ಪಡಿತರದಲ್ಲಿ ರಾಗಿಗೂ ಜೋಳಕ್ಕೂ ಸ್ಥಾನ ಕೊಟ್ಟುದು ಒಳ್ಳೆಯ ಹೆಜ್ಜೆ. ಇನ್ನು, ಶಾಲೆಗೂ ಅಂಗನವಾಡಿಗೂ ಬೇಕಾದ ರಾಗಿ, ತೊಗರಿ, ಹುರುಳಿಗಳನ್ನು ಆಯಾ ತಾಲ್ಲೂಕಿನ ರೈತನಿಂದಲೇ ಬಿತ್ತನೆಗೆ ಮುನ್ನ ಮಾತುಕೊಟ್ಟು ಕೊಳ್ಳಬೇಕು. ಪ್ರತಿ ವರ್ಷದ ಬೆಳೆಯ ವರದಿಯಲ್ಲಿ ಟನ್ನುಗಳ ಲೆಕ್ಕದ ಪಕ್ಕದಲ್ಲಿ, ತಲೆಗೆ ಎಷ್ಟು ಸಸಾರಜನಕ, ಎಷ್ಟು ಕಬ್ಬಿಣ, ಎಷ್ಟು ಸುಣ್ಣ ದೊರೆಯಿತೆಂಬ ಲೆಕ್ಕವೂ ಅಚ್ಚಾಗಬೇಕು.

ಖರೀದಿ ಕೇಂದ್ರದಲ್ಲಿ ಮೂಟೆ ತೂಗುವ ತಕ್ಕಡಿಯುಂಟು; ಅಂಗನವಾಡಿಯಲ್ಲಿ ಮಗುವನ್ನು ತೂಗುವ ತಕ್ಕಡಿಯೂ ಉಂಟು. ಮೊದಲನೆಯದು ಏರಿದಂತೆ ಎರಡನೆಯದೂ ಏರಿತೇ ಎಂದು ಕೇಳುವ ಕೃಷಿಮಂತ್ರಿಯನ್ನು ದೇಶ ಇನ್ನೂ ಕಾಯುತ್ತಿದೆ.