ಮಧುಮೇಹ: ರಕ್ತದೊಡನೆ ಪಾದದ ಪರೀಕ್ಷೆಯೂ ಆಗಲಿ



ರಾಜ್ಯ ಸರ್ಕಾರವು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿ, ಅನಂತರ ಇತರ ಜಿಲ್ಲೆಗಳಿಗೂ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯಡಿ ಮಧುಮೇಹದ ತಪಾಸಣೆ ಮನೆಬಾಗಿಲಿಗೆ ಬಂದಿರುವುದು ಸ್ವಾಗತಾರ್ಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಆದರೆ ರಕ್ತದ ಸಕ್ಕರೆಯನ್ನು ಅಳೆದ ಮಾತ್ರಕ್ಕೆ ಕರ್ತವ್ಯ ಮುಗಿಯದು; ಪಾದವನ್ನೂ ನೋಡಬೇಕು.

ಬಹುಕಾಲ ಹತೋಟಿ ತಪ್ಪಿದ ಸಕ್ಕರೆಯು ನರಗಳನ್ನು ಕೆಡಿಸುತ್ತದೆ. ಮೊದಲು ಕಾಲ್ಬೆರಳುಗಳಲ್ಲಿ ಜೋಮು, ಉರಿ. ಕ್ರಮೇಣ ಸ್ಪರ್ಶವೇ ತಿಳಿಯದು. ಪಾದದ ಸ್ನಾಯುಗಳು ಸೊರಗಿ, ಕಣಕಾಲು ಬಿಗಿದು, ನಡಿಗೆಯ ಸಮತೋಲ ತಪ್ಪುತ್ತದೆ. ನೋವೇ ಇಲ್ಲದ ಗಾಯವು ಹುಣ್ಣಾಗಿ, ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು.

ಇಲ್ಲಿ ಫಿಸಿಯೋಥೆರಪಿಯ ಪಾತ್ರ ದೊಡ್ಡದು. ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಆಸರೆಯೊಡನೆ ಒಂಟಿಕಾಲಿನಲ್ಲಿ ನಿಲ್ಲುವುದು, ಕಣಕಾಲನ್ನು ಸುತ್ತ ತಿರುಗಿಸುವುದು ಇವು ಬಲವನ್ನೂ ಸಮತೋಲವನ್ನೂ ಹೆಚ್ಚಿಸಿ ಬೀಳುವ ಭಯವನ್ನು ತಗ್ಗಿಸುತ್ತವೆ. ಕೆಟ್ಟ ನರಕ್ಕೆ ಮರುಜೀವ ಕೊಡುವೆವೆಂಬ ಯಂತ್ರಗಳ ಜಾಹೀರಾತಿಗೆ ಮರುಳಾಗಬಾರದು. ಪಾದದಲ್ಲಿ ಹುಣ್ಣಿದ್ದರೆ ಕಾಲಿನ ಮೇಲೆ ಭಾರ ಬೀಳುವ ವ್ಯಾಯಾಮ ಸಲ್ಲದು. ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಶಾಖ ಕೊಡುವುದಂತೂ ಅಪಾಯಕರ. ಸುಟ್ಟದ್ದು ಅರಿವಿಗೇ ಬಾರದು.

ವಿದ್ಯಾರಣ್ಯಪುರದಲ್ಲಿ ಬಿಇಎಲ್ ಮೊದಲಾದೆಡೆ ದುಡಿದು ನಿವೃತ್ತರಾದ ಹಿರಿಯರು ಅನೇಕರು. ದೊಡ್ಡಬೊಮ್ಮಸಂದ್ರ ಕೆರೆಯ ಬಳಿ ಮುಂಜಾನೆ ನಡೆಯುವವರಿಗೆ ನಮ್ಮ ವಿನಂತಿ: ನಡಿಗೆ ಒಳ್ಳೆಯದು, ಆದರೆ ಸಮತೋಲಕ್ಕೆ ಅದೊಂದೇ ಸಾಲದು. ಮೆತ್ತನೆಯ, ಅಳತೆಗೊಪ್ಪುವ ಪಾದರಕ್ಷೆ ಇರಲಿ. ತೊಡುವ ಮುನ್ನ ಒಳಗೆ ಕೈಯಾಡಿಸಿ ನೋಡಿ. ಅರಿವಳಿದ ಪಾದಕ್ಕಾಗಿ ನಮ್ಮಲ್ಲಿ ಇಂದು ಬಳಸುವ ಎಂ.ಸಿ.ಆರ್. ಚಪ್ಪಲಿ ಮೂಲತಃ ಕುಷ್ಠರೋಗಿಗಳ ಆರೈಕೆಯಿಂದ ಬಂದದ್ದು; ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಪಾದರಕ್ಷಣೆಗೆ ದುಡಿದವರು.

ನಾವೂ ಆತ್ಮಾವಲೋಕನ ಮಾಡಬೇಕಿದೆ. ಬರಿಗಾಲ ಪಾದಯಾತ್ರೆ, ಬಿಸಿಲಿಗೆ ಕಾದ ಕಲ್ಲಂಗಳದ ನಡಿಗೆ ಸ್ಪರ್ಶಜ್ಞಾನ ಕಳೆದುಕೊಂಡವರ ಪಾಲಿಗೆ ಗಾಯದ ಹಾದಿ. ಅಂಥವರು ಅಂಗಳದಲ್ಲಿ ಕಾಲುಚೀಲವನ್ನೋ ಬಟ್ಟೆಯ ಪಾದರಕ್ಷೆಯನ್ನೋ ಧರಿಸಿದರೆ ಭಕ್ತಿಗೆ ಕುಂದಿಲ್ಲ. ಕಾಯಕವನ್ನು ಕೈಲಾಸವೆಂದು ನಂಬಿದ ನಮಗೆ, ಕಾಯಕಕ್ಕೆ ಸಾಧನವಾದ ಕಾಯವನ್ನು ಕಾಯುವುದೂ ಧರ್ಮವೇ.

10 ಗ್ರಾಂ ಒತ್ತಡದ ನೈಲಾನ್ ಎಳೆಯೊಂದರಿಂದ ಪಾದದ ಸ್ಪರ್ಶವನ್ನು ನಿಮಿಷಗಳಲ್ಲಿ ಪರೀಕ್ಷಿಸಬಹುದು. ಪ್ರತಿ ನಮ್ಮ ಕ್ಲಿನಿಕ್‌ನಲ್ಲಿಯೂ ಈ ಪರೀಕ್ಷೆ ವಾಡಿಕೆಯಾಗಲಿ, ಫಿಸಿಯೋಥೆರಪಿಸ್ಟರ ಸೇವೆ ವಾರಕ್ಕೊಮ್ಮೆಯಾದರೂ ದೊರೆಯಲಿ ಎಂಬುದು ಸರ್ಕಾರಕ್ಕೆ ನಮ್ಮ ಆಗ್ರಹ. ಮನೆಯಲ್ಲಿ ಹಿರಿಯರ ಅಂಗಾಲನ್ನು ದಿನಕ್ಕೊಮ್ಮೆ ನೋಡುವ ಕೆಲಸವನ್ನು ಕಿರಿಯರು ಇಂದೇ ಆರಂಭಿಸಲಿ.